ಒಂದು ಪಿಕ್ಸೆಲ್‌ಗೆ ಒಂದು ಗುಂಟೆ

ನಮ್ಮೂರು ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆಯ ಕೊನೆಯಲ್ಲಿದೆ. ಕೊನೆಯಲ್ಲಿ ಅಂದರೆ ಏನು ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದರೂ ನಮ್ಮ ಗದ್ದೆಗೆ ನೀರು ಬರುವುದು ಮೇಲಿನವರ ನಾಟಿ ಮುಗಿದ ಮೇಲೆಯೇ. ನಾನು ಇಲ್ಲಿನ ನೀರು ಬಳಕೆದಾರರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದು ಬಿ.ಕಾಂ. ನಕಾಶೆಯ ಸಹವಾಸ ಹೈಸ್ಕೂಲಿನ ಭೂಗೋಳದ ಪಿರಿಯಡ್ಡಿಗೇ ಮುಗಿದಿತ್ತು.

ಸಂಘದ ಪ್ರತಿ ಸಭೆಯಲ್ಲೂ ಒಂದೇ ಜಗಳ: ಯಾವ ತೂಬಿನ ಕೆಳಗೆ ಎಷ್ಟು ಎಕರೆ? ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ, ನೀರು ಬಿಡುವಾಗ ತೂಬಿಗೆ ಎಷ್ಟು ಹೊತ್ತು ಅನ್ನುವುದು ಎಕರೆ ಲೆಕ್ಕದ ಮೇಲೆ ನಿಂತಿದೆ. ಪುಸ್ತಕದಲ್ಲಿ ಒಂದು ಲೆಕ್ಕ, ಬಾಯಲ್ಲಿ ಇನ್ನೊಂದು. ಗೋಡೆಯ ಮೇಲೆ ಗ್ರಾಮ ನಕಾಶೆಯ ಜೆರಾಕ್ಸ್ ಒಂದಿತ್ತು. ಅದರ ಮೇಲೆ ಯಾರೋ ಯಾವಾಗಲೋ ನೀಲಿ ಪೆನ್ನಿನಲ್ಲಿ ಕಾಲುವೆ ಎಳೆದಿದ್ದರು. ಆ ಗೆರೆ ನಂಬಿದರೆ ಕಾಲುವೆ ನಮ್ಮ ಮಾವನವರ ಕೊಟ್ಟಿಗೆಯೊಳಗೆ ಹರಿಯಬೇಕಿತ್ತು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂಗೋಳ ಓದುತ್ತಿದ್ದ ನನ್ನ ಚಿಕ್ಕಮ್ಮನ ಮಗ ಹಬ್ಬಕ್ಕೆ ಬಂದವನು ಇದನ್ನು ನೋಡಿ ನಕ್ಕ. ನನ್ನ ಹಳೇ ಲ್ಯಾಪ್‌ಟಾಪಿಗೆ ಕ್ಯೂಜಿಐಎಸ್ ಹಾಕಿಕೊಟ್ಟ. ಇದು 2002ರಲ್ಲಿ ಗ್ಯಾರಿ ಶೆರ್ಮನ್ ಅನ್ನುವವರು ಶುರು ಮಾಡಿದ, ನಕಾಶೆ ಮಾಡುವ ತಂತ್ರಾಂಶ. ದುಡ್ಡಿಲ್ಲ, ಲೈಸೆನ್ಸ್ ಕೊಳ್ಳಬೇಕಿಲ್ಲ. 'ನಿನಗೆ ಲೆಡ್ಜರ್ ಬರುತ್ತಲ್ಲ ಅಣ್ಣ, ಅರ್ಧ ಬಂದ ಹಾಗೆ' ಅಂದ. ಆಗ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು. ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ಅಂದರೆ ಚಿತ್ರ ಬಿಡಿಸುವ ಕೆಲಸ ಅಲ್ಲ. ಅದೊಂದು ಪಟ್ಟಿ. ಒಂದೊಂದು ಸಾಲಿಗೂ ತಾನು ನೆಲದ ಮೇಲೆ ಎಲ್ಲಿ ಇದ್ದೇನೆ ಅನ್ನುವುದು ಗೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ. ತೂಬು ಒಂದು ಬಿಂದು. ಕಾಲುವೆ ಒಂದು ಗೆರೆ. ಗದ್ದೆ ಸುತ್ತು ಮುಚ್ಚಿದ ಒಂದು ಆಕಾರ. ಮೂರಕ್ಕೂ ಬೇರೆ ಬೇರೆ ಪದರ. ಪ್ರತಿ ಪದರದ ಹಿಂದೆ ಒಂದು ಪಟ್ಟಿ: ತೂಬಿನ ನಂಬರ್, ಬಾಗಿಲು ಇದೆಯೋ ಇಲ್ಲವೋ, ಯಾವ ಕಾಲುವೆಗೆ ಸೇರಿದ್ದು.

ಮೊದಲು ತೂಬುಗಳನ್ನು ಹಿಡಿಯೋಣ ಅಂತ ಫೋನ್ ಹಿಡಿದು ಹೊರಟೆ. ಪ್ರತಿ ತೂಬಿನ ಮುಂದೆ ನಿಂತು ಅಕ್ಷಾಂಶ, ರೇಖಾಂಶ ನೋಡಿ ನೋಟ್‌ಬುಕ್ಕಿಗೆ ಬರೆದುಕೊಂಡೆ. ರಾತ್ರಿ ಕೂತು ಸ್ಪ್ರೆಡ್‌ಶೀಟಿಗೆ ಹಾಕಿ, ಕ್ಯೂಜಿಐಎಸ್‌ಗೆ ತಂದರೆ ಪರದೆ ಖಾಲಿ. ಒಂದು ತೂಬೂ ಇಲ್ಲ. ಹುಡುಕುತ್ತಾ ಹೋದೆ. ನಮ್ಮ ತೂಬುಗಳೆಲ್ಲ ನಾರ್ವೆಗಿಂತ ಮೇಲೆ, ಸ್ವಾಲ್ಬಾರ್ಡ್ ದ್ವೀಪದ ಪಕ್ಕದ ಸಮುದ್ರದಲ್ಲಿ ಸಾಲಾಗಿ ಕೂತಿದ್ದವು! ಮಂಡ್ಯ ಇರುವುದು ಸುಮಾರು 12.5 ಡಿಗ್ರಿ ಉತ್ತರ, 76.9 ಡಿಗ್ರಿ ಪೂರ್ವದಲ್ಲಿ. ನಾನು ಎಕ್ಸ್ ಕಾಲಮ್ಮಿಗೆ ಅಕ್ಷಾಂಶ ಕೊಟ್ಟು, ವೈ ಕಾಲಮ್ಮಿಗೆ ರೇಖಾಂಶ ಕೊಟ್ಟಿದ್ದೆ. ಬಾಯಲ್ಲಿ ಹೇಳುವಾಗ ಅಕ್ಷಾಂಶ ಮೊದಲು, ಕಂಪ್ಯೂಟರಿಗೆ ಹೇಳುವಾಗ ರೇಖಾಂಶ ಮೊದಲು. ನೀರಿಲ್ಲದ ತೂಬುಗಳಿಗೆ ಒಂದು ರಾತ್ರಿಯಾದರೂ ಸಮುದ್ರ ಸಿಕ್ಕಿತಲ್ಲ ಅಂತ ಅಂದುಕೊಂಡೆ.

ಎರಡನೇ ಪೆಟ್ಟು ಇನ್ನೂ ಚೆನ್ನಾಗಿತ್ತು. ಉಪಗ್ರಹ ಚಿತ್ರ ಹಿಂದೆ ಇಟ್ಟುಕೊಂಡು ನಮ್ಮದೇ ಎರಡು ಎಕರೆ ಗದ್ದೆಯ ಸುತ್ತ ಗೆರೆ ಎಳೆದು, ವಿಸ್ತೀರ್ಣ ಎಷ್ಟು ಅಂತ ಕೇಳಿದೆ. ಉತ್ತರ ಬಂತು: 0.000. ಪಕ್ಕದವರದೂ 0.000. ಇಡೀ ಬಯಲೇ ಸೊನ್ನೆ. ಕಾರಣ ಇಷ್ಟು. ನನ್ನ ಪದರ ಡಿಗ್ರಿಯಲ್ಲಿತ್ತು. ನಾನು ಬರೆದ ಸೂತ್ರ ಡಿಗ್ರಿಯನ್ನು ಡಿಗ್ರಿಯಿಂದಲೇ ಗುಣಿಸಿತ್ತು. ಎರಡು ಎಕರೆ ಅಂದರೆ ಹೆಚ್ಚುಕಡಿಮೆ 0.00000067 ಚದರ ಡಿಗ್ರಿ. ಕಾಲಮ್ಮಿನಲ್ಲಿ ದಶಾಂಶಕ್ಕೆ ಜಾಗ ಇದ್ದದ್ದು ಮೂರೇ ಅಂಕಿಗೆ. ಚದರ ಡಿಗ್ರಿ ಅನ್ನುವುದಕ್ಕೆ ನೆಲದ ಮೇಲೆ ಅರ್ಥವೂ ಇಲ್ಲ. ನಮ್ಮ ಕಡೆ ಒಂದು ಡಿಗ್ರಿ ಅಕ್ಷಾಂಶ ಸುಮಾರು 110.6 ಕಿಲೋಮೀಟರ್, ರೇಖಾಂಶ 108.7 ಕಿಲೋಮೀಟರ್. ಧ್ರುವದ ಕಡೆ ಹೋದ ಹಾಗೆ ರೇಖಾಂಶದ ಅಗಲ ಕುಗ್ಗುತ್ತಾ ಹೋಗುತ್ತದೆ.

ಅಳತೆ ಬೇಕಾದರೆ ಉಂಡೆಯಾಗಿರುವ ಭೂಮಿಯನ್ನು ಚಪ್ಪಟೆ ಮಾಡಿ ಮೀಟರಿನಲ್ಲಿ ಹೇಳುವ ಪದ್ಧತಿಗೆ ಬರಬೇಕು. ಮಂಡ್ಯ, ಮೈಸೂರು ಎರಡಕ್ಕೂ ಸರಿಹೋಗುವುದು ಯುಟಿಎಂ ಅನ್ನುವ ಅಂಥ ಪದ್ಧತಿಯ ವಲಯ 43 ಉತ್ತರ. ಕ್ಯೂಜಿಐಎಸ್‌ನಲ್ಲಿ ಅದರ ನಂಬರ್ 32643. ಈ ವಲಯ 72ರಿಂದ 78 ಡಿಗ್ರಿ ಪೂರ್ವದವರೆಗೆ. ಕೋಲಾರ ಪಟ್ಟಣ ಆಗಲೇ 44ಕ್ಕೆ ಸೇರಿಹೋಗುತ್ತದೆ. ಪದರವನ್ನು ಈ ಪದ್ಧತಿಗೆ ಬದಲಿಸಿ ಉಳಿಸಿಕೊಂಡ ಮೇಲೆ ತೂಬಿನ ಉತ್ತರ ದಿಕ್ಕಿನ ಅಂಕಿ 13 ಲಕ್ಷ 85 ಸಾವಿರದ ಆಸುಪಾಸು ಬಂತು. ಅಂದರೆ ಭೂಮಧ್ಯರೇಖೆಯಿಂದ ನಮ್ಮೂರು 1,385 ಕಿಲೋಮೀಟರ್ ದೂರ. ಇಂಥ ಅಂಕಿಯೊಂದು ನಮ್ಮ ತೂಬಿಗೆ ಇದೆ ಅನ್ನುವುದೇ ನನಗೆ ಖುಷಿ ಕೊಟ್ಟಿತು, ಕಾರಣ ಕೇಳಬೇಡಿ.

ಇನ್ನು ಗ್ರಾಮ ನಕಾಶೆ. ಹಿಸ್ಸಾ ಗಡಿ ಬೇಕಾದರೆ ಅದೇ ಗತಿ. ಸ್ಕ್ಯಾನ್ ಮಾಡಿಸಿದೆ. ಅದು ಬರೀ ಚಿತ್ರ, ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ನಕಾಶೆಯ ಮೇಲೂ ಇರುವ, ನೆಲದ ಮೇಲೂ ಇರುವ ಕೆಲವು ಜಾಗಗಳನ್ನು ಜೋಡಿ ಮಾಡಿ ಕೊಟ್ಟರೆ ಇಡೀ ಚಿತ್ರವನ್ನು ಎಳೆದು ನೆಲಕ್ಕೆ ಕೂರಿಸುತ್ತದೆ. ಹಳೇ ಬಾಂದು ಕಲ್ಲು ಹುಡುಕಿಕೊಂಡು ಎರಡು ದಿನ ತಿರುಗಿದೆ. ಒಂದು ಕಲ್ಲು ಬಟ್ಟೆ ಒಗೆಯಲು ಕೆರೆ ಮೆಟ್ಟಿಲಿಗೆ ಹೋಗಿತ್ತು. ಸಿಕ್ಕಿದ ಮೂರು ಕಲ್ಲಿಗೆ ಜೋಡಿ ಕೊಟ್ಟೆ. ತಪ್ಪು ಎಷ್ಟು ಅಂತ ತೋರಿಸುವ ಕಾಲಮ್ಮಿನಲ್ಲಿ ಸೊನ್ನೆ ಬಂತು. ಮೊದಲನೇ ಸಲಕ್ಕೇ ಸೊನ್ನೆ! ತಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಅವನು 'ಮೂರೇ ಕಾಲಿನ ಸ್ಟೂಲು ಯಾವ ನೆಲದ ಮೇಲೂ ಅಲ್ಲಾಡಲ್ಲ ಅಣ್ಣ. ನಾಲ್ಕನೇ ಕಾಲು ಹಾಕು, ಆಮೇಲೆ ಹೇಳು' ಅಂದ. ನಾಲ್ಕನೆಯದು, ಮೂರು ಊರಿನ ಗಡಿ ಕೂಡುವ ಕಲ್ಲು, ಹಾಕಿದೆ. ತಪ್ಪು 19 ಮೀಟರ್. ಒಂದು ಲಾರಿ, ಅದರ ಹಿಂದೆ ಇನ್ನೊಂದು ಲಾರಿ ನಿಲ್ಲಿಸಿದಷ್ಟು. ಸರಳ ಪದ್ಧತಿಯಲ್ಲಿ ಮೂರು ಜೋಡಿಗೆ ತಪ್ಪು ಯಾವಾಗಲೂ ಸೊನ್ನೆಯೇ. ಅದು ಸರಿಯಾಗಿದೆ ಅಂತಲ್ಲ, ತಪ್ಪು ಹಿಡಿಯಲು ಸಾಕ್ಷಿ ಇಲ್ಲ ಅಂತ. ಕೊನೆಗೆ ಹನ್ನೊಂದು ಜೋಡಿ ಕೊಟ್ಟು 6 ಮೀಟರಿಗೆ ಇಳಿಸಿದೆ. ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

ಇಳಿಯುವುದೂ ಇಲ್ಲ ಅನ್ನುವುದಕ್ಕೆ ಕಾರಣ ಆಮೇಲೆ ಹೊಳೆಯಿತು. ನನ್ನ ಕೈಯಲ್ಲಿದ್ದ ನಕಾಶೆ 1:7,920 ಅಳತೆಯದು. ಅಂದರೆ ಕಾಗದದ ಒಂದು ಇಂಚು ನೆಲದಲ್ಲಿ 660 ಅಡಿ. ಅದರ ಮೇಲಿನ ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಅಂದುಕೊಂಡರೂ ನೆಲದ ಮೇಲೆ ಅದು 4 ಮೀಟರ್, ಹದಿಮೂರು ಅಡಿ ಅಗಲ. ನಮ್ಮಲ್ಲಿ ಬದುವಿನ ಜಗಳ ಆಗುವುದು ಒಂದೂವರೆ ಅಡಿಗೆ! ಫೋನಿನಲ್ಲಿ ನಕಾಶೆ ತೆರೆದು, ನೀಲಿ ಚುಕ್ಕಿ ಗೆರೆಯಿಂದಾಚೆ ಹೋಯಿತು ಅಂತ ಪಕ್ಕದ ಗದ್ದೆಯವರ ಮೇಲೆ ಕೂಗಾಡುವವರನ್ನು ನೋಡಿದರೆ ನನಗೆ ಈಗ ಅಯ್ಯೋ ಅನ್ನಿಸುತ್ತದೆ. ಆ ಚುಕ್ಕಿಗೇ ಬಯಲಿನಲ್ಲಿ 3ರಿಂದ 5 ಮೀಟರ್ ತಪ್ಪು ಇರುತ್ತದೆ, ತೆಂಗಿನ ತೋಟದೊಳಗೆ ಇನ್ನೂ ಜಾಸ್ತಿ. ನಿಂತ ಜಾಗದ ಸರ್ವೆ ನಂಬರ್ ಯಾವುದು ಅಂತ ತಿಳಿಯಲು ದಿಶಾಂಕ್ ಆಪ್ ಇದೆ, ಆ ಕೆಲಸಕ್ಕೆ ಬಹಳ ಅನುಕೂಲ. ಬದು ತೀರ್ಮಾನಕ್ಕೆ ಮಾತ್ರ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿ ಸರ್ವೆಯರನ್ನೇ ಕರೆಸಬೇಕು.

ಅವತ್ತಿಂದ ಒಂದು ಅಭ್ಯಾಸ ಇಟ್ಟುಕೊಂಡೆ. ಪ್ರತಿ ಪದರದ ಹೆಸರಿನ ಪಕ್ಕದಲ್ಲಿ ಅದು ಎಷ್ಟು ತಪ್ಪಬಹುದು ಅಂತ ಬರೆದಿಡುತ್ತೇನೆ. 'ತೂಬು – 4 ಮೀ', 'ಹಿಸ್ಸಾ ಗಡಿ – 6 ಮೀ'. ಪರದೆಯ ಮೇಲೆ ಎಲ್ಲ ಗೆರೆಯೂ ಒಂದೇ ಥರ ಚೂಪಾಗಿ ಕಾಣುತ್ತದೆ. ಎಷ್ಟು ಬೇಕಾದರೂ ಹಿಗ್ಗಿಸಿ ನೋಡಿ, ಗೆರೆ ದಪ್ಪ ಆಗುವುದಿಲ್ಲ. ಕಾಗದದ ನಕಾಶೆಗೆ ಆ ಮರ್ಯಾದೆ ಇತ್ತು, ಹತ್ತಿರ ಹೋದರೆ ತನ್ನ ಒರಟುತನ ತೋರಿಸುತ್ತಿತ್ತು. ಹಳೇ ಸರ್ವೆ ಆಫ್ ಇಂಡಿಯಾ ಹಾಳೆಗಳದ್ದು ಇನ್ನೊಂದು ಕಥೆ. ಮೈಸೂರು, ಶ್ರೀರಂಗಪಟ್ಟಣ ಇರುವುದು 57 ಡಿ/11 ನಂಬರಿನ ಹಾಳೆಯಲ್ಲಿ, ಮಂಡ್ಯ 57 ಡಿ/14ರಲ್ಲಿ. ಜಾರ್ಜ್ ಎವರೆಸ್ಟ್ ಅನ್ನುವ ಸರ್ವೆ ಅಧಿಕಾರಿಯ 1830ರ ಲೆಕ್ಕದ ಭೂಮಿಯ ಆಕಾರ ಹಿಡಿದು ಮಾಡಿದ ಹಾಳೆಯನ್ನು ಹಾಗೇ ಈಗಿನ ಜಿಪಿಎಸ್ ಮೇಲೆ ಇಟ್ಟರೆ ಊರುಗಳು ನೂರಾರು ಅಡಿ ಪಕ್ಕಕ್ಕೆ ಜರುಗುತ್ತವೆ. ಅದು ಹಾಳೆಯ ತಪ್ಪಲ್ಲ, ಯಾವ ಲೆಕ್ಕದ್ದು ಅಂತ ಕಂಪ್ಯೂಟರಿಗೆ ನಾವು ಹೇಳದೆ ಹೋದ ತಪ್ಪು.

ನಾನು ಲೆಕ್ಕದವನು, ಪಟ್ಟಿಯಲ್ಲಿ ತಪ್ಪು ಮಾಡುವುದಿಲ್ಲ ಅಂದುಕೊಂಡಿದ್ದೆ. ಸಂಘದ ಅಚ್ಚುಕಟ್ಟು ಪಟ್ಟಿಯನ್ನು, ಅಂದರೆ ನಾಲೆ ನೀರು ಸಿಗಬೇಕಾದ ಜಮೀನುಗಳ ಪಟ್ಟಿಯನ್ನು, ಸರ್ವೆ ನಂಬರ್ ಹಿಡಿದು ನಕಾಶೆಗೆ ಜೋಡಿಸಬೇಕಿತ್ತು. ಜೋಡಿಸಿದರೆ ಊರ ಮುಂದಿನ ಗದ್ದೆಗಳೆಲ್ಲ ಖಾಲಿ. ನೋಡಿದರೆ ಸ್ಪ್ರೆಡ್‌ಶೀಟಿನಲ್ಲಿ ಸರ್ವೆ ನಂಬರ್ 4/2 ಹೋಗಿ ಫೆಬ್ರವರಿ 4 ಆಗಿ ಕೂತಿದೆ. 12/5 ಮೇ 12 ಆಗಿದೆ. ಸಣ್ಣ ನಂಬರಿನವೆಲ್ಲ ತಾರೀಖಾಗಿದ್ದವು. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಅಂತ ಗುರುತು ಮಾಡಿ ಆಮೇಲೆ ತುಂಬಬೇಕು. ತಾರೀಖಾದ ಮೇಲೆ ಟೆಕ್ಸ್ಟ್ ಮಾಡಿದರೆ ಇನ್ಯಾವುದೋ ಐದಂಕಿ ಬರುತ್ತದೆ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು.

ಕನ್ನಡದಲ್ಲಿ ಮಾಡಹೊರಟವರಿಗೆ ಇನ್ನೊಂದು ಮಾತು. ನಕಾಶೆಯ ಪದರವನ್ನು ಎಲ್ಲರೂ ಕಳಿಸುವ ಮಾದರಿ ಶೇಪ್‌ಫೈಲ್. ಅದು ಹೆಸರಿಗೆ ಒಂದು ಫೈಲು, ನಿಜಕ್ಕೆ ಒಂದು ಸಂಸಾರ. ಒಂದನ್ನು ಮಾತ್ರ ವಾಟ್ಸ್‌ಆಪ್ ಮಾಡಿದರೆ ಆ ಕಡೆ ತೆರೆಯುವುದಿಲ್ಲ. ಅದರಲ್ಲಿ ಕಾಲಮ್ಮಿನ ಹೆಸರಿಗೆ ಹತ್ತು ಬೈಟ್ ಮಾತ್ರ ಜಾಗ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆ ಮೂರು ಬೈಟ್ ತಿನ್ನುತ್ತದೆ, ಒತ್ತು, ದೀರ್ಘ, ಕೊಂಬು ಎಲ್ಲ ಬೇರೆ ಬೇರೆ. 'ತೂಬಿನ ಹೆಸರು' ಅಂತ ಬರೆದರೆ 'ತೂಬ' ಆಗುವುದಕ್ಕೇ ಜಾಗ ಮುಗಿಯಿತು. ಜಿಯೋಪ್ಯಾಕೇಜ್ ಅನ್ನುವ ಮಾದರಿಯಲ್ಲಿ ಉಳಿಸಿ. ಒಂದೇ ಫೈಲು, ಕನ್ನಡ ಪೂರ್ತಿ ನಿಲ್ಲುತ್ತದೆ.

ಇಷ್ಟರಲ್ಲಿ ತೂಬುವಾರು ಎಕರೆ ಬಂದಿತ್ತು. ಯಾವ ಗದ್ದೆ ಯಾವ ತೂಬಿಗೆ ಅನ್ನುವುದನ್ನು ಯಾವ ಕಾಗದವೂ ಹೇಳಲಿಲ್ಲ. ತೂಬು ತೆಗೆದು ಮುಚ್ಚುವ ನಮ್ಮ ನೀರುಗಂಟಿ ತಾತನ ಜೊತೆ ನಡೆದೇ ಬರೆದುಕೊಂಡದ್ದು. ಫೋನಿನಲ್ಲಿ ಕ್ಯೂಫೀಲ್ಡ್ ಆಪ್ ಇತ್ತು, ನೆಟ್‌ವರ್ಕ್ ಇಲ್ಲದಿದ್ದರೂ ಅಲ್ಲೇ ತುಂಬಬಹುದು. ಟೈಪ್ ಮಾಡುವುದು ಬೇಡ ಅಂತ ತೂಬಿನ ನಂಬರುಗಳನ್ನು ಆರಿಸುವ ಪಟ್ಟಿಯಾಗಿ ಮೊದಲೇ ಮಾಡಿಟ್ಟಿದ್ದೆ. ಕೆಸರು ಕೈಯಲ್ಲಿ ಅದೊಂದು ಅನುಕೂಲ. ಗದ್ದೆಯವರ ಹೆಸರು ಮಾತ್ರ ಹಾಕಲಿಲ್ಲ. ನಕಾಶೆ ಕೈಯಿಂದ ಕೈಗೆ ಹೋಗುವ ವಸ್ತು. ಸರ್ವೆ ನಂಬರ್ ಸಾಕು.

ಆಮೇಲೆ ಉಪಗ್ರಹದ ಚಿತ್ರಕ್ಕೆ ಕೈ ಹಾಕಿದೆ. ಯುರೋಪಿನವರ ಸೆಂಟಿನೆಲ್-2 ಚಿತ್ರಗಳು ಪುಕ್ಕಟೆ. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದುಹೋಗುತ್ತವೆ. ಅದರ ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚೌಕ, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಇದನ್ನು ಓದಿದಾಗ ತಲೆಯಲ್ಲಿ ಗಂಟೆ ಹೊಡೆಯಿತು. ನಮ್ಮ ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಮೀಟರಿನಲ್ಲಿ ಹೇಳಿದರೆ 101 ಚದರ ಮೀಟರ್. ಅಲ್ಲಿಗೆ ಒಂದು ಪಿಕ್ಸೆಲ್ ಅಂದರೆ ಒಂದು ಗುಂಟೆ! ನಲವತ್ತು ಪಿಕ್ಸೆಲ್‌ಗೆ ಒಂದು ಎಕರೆ. ಸರ್ವೆಯವರು ಸರಪಳಿ ಹಿಡಿದು ಅಳೆದ ಚೌಕವನ್ನೇ ಆಕಾಶದಿಂದ ಅಳೆದ ಹಾಗೆ. ಇದು ಬರೀ ಕಾಕತಾಳೀಯ, ಆದರೆ ನನಗಂತೂ ಉಪಗ್ರಹದ ಚಿತ್ರ ಅವತ್ತೇ ನಮ್ಮದಾಯಿತು. ಹತ್ತು ಗುಂಟೆ ಹಿಡುವಳಿಯ ಬಗ್ಗೆ ಅದು ಏನು ಹೇಳಬಲ್ಲದು ಅಂತ ಯಾರಾದರೂ ಕೇಳಿದರೆ ನಾನು ಈಗ ಹೀಗೆ ಹೇಳುತ್ತೇನೆ: ಹತ್ತು ಚೌಕ ಇದೆ, ಅದರಲ್ಲಿ ಅಂಚಿನ ಏಳೆಂಟು ಪಕ್ಕದವರ ಗದ್ದೆಯನ್ನೂ ತುಳಿಯುತ್ತವೆ, ಉಳಿದದ್ದನ್ನು ನಂಬಬಹುದು.

ಹಸಿರು ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ಕಣ್ಣಿಗೆ ಕಾಣದ ಸಮೀಪದ ಅವಗೆಂಪನ್ನು ಜೋರಾಗಿ ವಾಪಸ್ ಎಸೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಅನ್ನುವ ಅಂಕಿ ಬರುತ್ತದೆ. ಎದೆಮಟ್ಟ ಬೆಳೆದ ಕಬ್ಬು 0.7ರ ಮೇಲೆ, ಬರಡು ನೆಲ 0.2ರ ಕೆಳಗೆ, ನಿಂತ ನೀರು ಸೊನ್ನೆಗಿಂತ ಕಡಿಮೆ. ಆಗಸ್ಟಿನ ಚಿತ್ರ ತೆಗೆದರೆ ಪೂರ್ತಿ ಮೋಡ, ಒಂದಿಷ್ಟು ಬಿಳಿ ಹತ್ತಿ. ಮೋಡ ಸರಿದ ಒಂದೆರಡು ಚಿತ್ರದಲ್ಲಿ ಆಗತಾನೇ ನಾಟಿ ಹಾಕಿದ ಗದ್ದೆ ಕೆರೆಯ ಥರ ಕಂಡಿತು. ಪೈರು ಚಿಕ್ಕದು, ನೀರೇ ಜಾಸ್ತಿ, ಅದಕ್ಕೆ. ನನಗೆ ಕೆಲಸಕ್ಕೆ ಬಂದದ್ದು ಡಿಸೆಂಬರಿನ ಚಿತ್ರ.

ಅದರಲ್ಲಿ ಅಚ್ಚುಕಟ್ಟು ಪಟ್ಟಿಯಲ್ಲಿ ಇಲ್ಲದ ಕೆಲವು ಸರ್ವೆ ನಂಬರುಗಳು ಕಡು ಹಸಿರಾಗಿದ್ದವು. ಮೇಲಿನ ತೂಬುಗಳ ಹತ್ತಿರದವು. ಪೋಲೀಸಿನವರ ಕೈಗೆ ಸಾಕ್ಷಿ ಸಿಕ್ಕ ಹಾಗೆ ಎದ್ದು ನಿಂತೆ. ಎರಡು ನಿಮಿಷ ಬಿಟ್ಟು ಕೂತೆ. ಉಪಗ್ರಹಕ್ಕೆ ಹಸಿರು ಕಾಣುತ್ತದೆ, ಅದು ನಾಲೆ ನೀರೋ ಬೋರಿನ ನೀರೋ ಅಂತ ಕಾಣುವುದಿಲ್ಲ. ಹೋಗಿ ನೋಡಿದೆ. ಅರ್ಧಕ್ಕೆ ಬೋರ್‌ವೆಲ್ ಇತ್ತು. ಉಳಿದರ್ಧಕ್ಕೆ ಕಾಲುವೆಯಲ್ಲಿ ಪೈಪು ಇತ್ತು. ಯಾರದು ಅಂತ ಇಲ್ಲಿ ಬರೆಯುವುದಿಲ್ಲ, ಒಬ್ಬರು ನನಗೇ ಷಡ್ಡಕ ಆಗಬೇಕು.

ಇಳಿಜಾರಿನ ವಿಷಯದಲ್ಲಿ ಮಾತ್ರ ನಾನು ಮುಗ್ಗರಿಸಿಬಿದ್ದೆ. ಐದನೇ ತೂಬಿನ ಹೊಲಗಾಲುವೆಯಲ್ಲಿ ನೀರು ಅರ್ಧಕ್ಕೇ ನಿಲ್ಲುತ್ತಿತ್ತು. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರ್‌ನಲ್ಲಿ ಅಳೆದ ಎತ್ತರದ ಮಾಹಿತಿ, ಎಸ್‌ಆರ್‌ಟಿಎಂ, ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡು ಕಾಲುವೆಯ ಉದ್ದಕ್ಕೂ ಎತ್ತರ ತೆಗೆದೆ. ಅದರ ಪ್ರಕಾರ ನೀರು ಗುಡ್ಡ ಹತ್ತುತ್ತಿತ್ತು, ಆಮೇಲೆ ಧುಮುಕುತ್ತಿತ್ತು. ಒಂದು ಚೌಕ 30 ಮೀಟರಿನದು, ನಮ್ಮ ಲೆಕ್ಕದಲ್ಲಿ ಒಂಬತ್ತು ಗುಂಟೆ. ಎತ್ತರ ಪೂರ್ಣ ಮೀಟರಿನಲ್ಲಿ. ತೆಂಗಿನ ತೋಟ ಇದ್ದ ಕಡೆ ರೇಡಾರ್ ನೆಲ ಮುಟ್ಟದೆ ಗರಿಗಳಿಂದಲೇ ವಾಪಸ್ ಹೋಗಿರುತ್ತದೆ. ಅದು ಹತ್ತಿದ ಗುಡ್ಡ ನಮ್ಮ ದೊಡ್ಡಪ್ಪನ ತೆಂಗಿನ ತೋಟ. ಚಾಮುಂಡಿ ಬೆಟ್ಟದ ಆಕಾರ ನೋಡಲು ಆ ಮಾಹಿತಿ ಚಿನ್ನ. ಅಂಗೈ ಅಗಲದ ಕಾಲುವೆಯ ಇಳಿಜಾರಿಗೆ ಅಲ್ಲ.

ಗಾರೆ ಕೆಲಸದವರ ಹತ್ತಿರ ಲೆವೆಲ್ ಪೈಪ್ ತಂದೆ. ನೀರು ತುಂಬಿದ ಪಾರದರ್ಶಕ ಪೈಪು, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಹತ್ತು ಹತ್ತು ಮೀಟರಿಗೆ ಗೂಟ ನೆಟ್ಟು ಅಳೆದು, ಆ ಅಂಕಿಗಳನ್ನು ಕಾಲುವೆಯ ಪದರಕ್ಕೆ ಬರೆದೆ. ಬಂಡಿ ದಾರಿ ಕೆಳಗೆ ಹಾಕಿದ್ದ ಸಿಮೆಂಟ್ ಪೈಪು ಕಾಲುವೆಯ ತಳಕ್ಕಿಂತ ನಾಲ್ಕು ಇಂಚು ಮೇಲೆ ಕೂತಿತ್ತು. ನೀರು ಗುಡ್ಡ ಹತ್ತುತ್ತಿದ್ದದ್ದು ನಿಜವೇ, ಆದರೆ ನಾಲ್ಕು ಇಂಚಿನ ಗುಡ್ಡ.

ಸಭೆಗೆ ಅಂತ ಮಂಡ್ಯದ ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಅಗ್ಗ, ಮಳೆಗೂ ತಡೆಯುತ್ತದೆ. ಅಂಗಡಿ ಹುಡುಗ ಫೈಲ್ ತೆರೆದು 'ಯಾರದ್ದಣ್ಣ ಬರ್ತ್‌ಡೇ?' ಅಂದ. ಮನೆಗೆ ತಂದು ನೋಡಿದರೆ ಕೆರೆ ಮೊಟ್ಟೆಯ ಥರ ಉದ್ದವಾಗಿದೆ. ಕೇಳಿದರೆ 'ಆರಡಿ ನಾಲ್ಕಡಿಗೆ ಸ್ವಲ್ಪ ಎಳೆದು ಫಿಟ್ ಮಾಡಿದ್ದೀನಣ್ಣ' ಅಂದ. ಎರಡನೇ ಸಲ ಪಕ್ಕದಲ್ಲೇ ನಿಂತು ಹಾಕಿಸಿದೆ.

ತೂಬಿಗೊಂದು ಬಣ್ಣ ಕೊಟ್ಟಿದ್ದೆ, ಎಕರೆ ಪಟ್ಟಿ ಪಕ್ಕದಲ್ಲಿ ಹಾಕಿದ್ದೆ. ಬಣ್ಣವನ್ನು ಯಾರೂ ನೋಡಲಿಲ್ಲ. ಎಲ್ಲರೂ ಮೊದಲು ಹುಡುಕಿದ್ದು ತಮ್ಮ ಗದ್ದೆ. ಸಿಕ್ಕಿದ ಮೇಲೆ ಪಕ್ಕದ ಗದ್ದೆ. ಮೇಲಿನ ಪೈಪುಗಳ ಮಾತು ಬಂದಾಗ ಒಂದಿಷ್ಟು ಜನ ಟೀ ಕುಡಿಯಲು ಎದ್ದರು. ಬಂಡಿ ದಾರಿಯ ಸಿಮೆಂಟ್ ಪೈಪ್ ಕಿತ್ತು ಇಳಿಸುವುದಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ, ನಡಾವಳಿ ಪುಸ್ತಕಕ್ಕೆ ಬರೆದುಕೊಂಡೆ.

ಕೊನೆಗೆ ನೀರುಗಂಟಿ ತಾತ ಎದ್ದು ಬಂದು ಫ್ಲೆಕ್ಸಿನ ಮೇಲೆ ಬೆರಳಿಟ್ಟರು. 'ಈ ಏಳನೇ ತೂಬು ಹೋದ ಸುಗ್ಗಿಗೇ ಮುಚ್ಚಾಯ್ತಲ್ಲೋ ಮಗ. ಇದಕ್ಯಾಕೆ ನೀಲಿ ಬಳ್ದಿದ್ದೀಯ?'

ನಾನು ತೂಬು ಎಣಿಸಿದ್ದು ನಾಲೆ ನಿಲ್ಲಿಸಿದ ತಿಂಗಳಲ್ಲಿ. ಆಗ ಎಲ್ಲ ಬಾಗಿಲೂ ಮುಚ್ಚಿಯೇ ಇದ್ದವು. ಲ್ಯಾಪ್‌ಟಾಪ್ ತೆರೆದು ಏಳನೇ ಸಾಲಿನಲ್ಲಿ 'ಮುಚ್ಚಿದೆ' ಅಂತ ಬರೆದೆ. ಪಕ್ಕದಲ್ಲಿ ಇನ್ನೊಂದು ಕಾಲಮ್ ಮಾಡಿ 'ಹೇಳಿದವರು: ತಾತ' ಅಂತ ಹಾಕಿ ತಾರೀಖು ಬರೆದೆ. ಫ್ಲೆಕ್ಸಿನ ಮೇಲೆ ಸ್ಕೆಚ್ ಪೆನ್ ನಿಲ್ಲಲಿಲ್ಲ, ಉಜ್ಜಿದರೆ ಹೋಗುತ್ತಿತ್ತು. ತಾತನೇ ಚೀಲದಿಂದ ಕರೆಂಟಿನ ಕಪ್ಪು ಟೇಪ್ ತೆಗೆದು, ಹಲ್ಲಿನಲ್ಲಿ ಕಚ್ಚಿ ಹರಿದು, ಏಳನೇ ತೂಬಿನ ಮೇಲೆ ಅಂಟಿಸಿದರು.